ಓದುಗರ ಪ್ರಶ್ನೆ, ನಮ್ಮ ಉತ್ತರ: ಚೌಕಟ್ಟು ಯಾರದು, ಕಣ್ಣು ಯಾರದು?

ನಾಳೆಯ ಕೆಟ್ಟ ಲೋಕಗಳನ್ನು ಕಟ್ಟಿಕೊಡುವ ವೈಜ್ಞಾನಿಕ ಕಾಮಿಕ್ಸ್‌ಗಳಲ್ಲಿ ಹೆಣ್ಣಿನ ಪಾಡು ಹೇಗಿರುತ್ತದೆ ಎಂಬ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಇಂಥ ಲೋಕಕ್ಕೆ ಡಿಸ್ಟೋಪಿಯಾ ಎಂಬ ಮಾತೇ ಬಳಕೆಯಲ್ಲಿದೆ. ನಾವೂ ಅದನ್ನೇ ಇಟ್ಟುಕೊಂಡಿದ್ದೇವೆ.

ಪ್ರಶ್ನೆ: ಬಂದೂಕು ಹಿಡಿದು ಹತ್ತು ಜನರನ್ನು ಹೊಡೆದುರುಳಿಸುವ ನಾಯಕಿ ಇದ್ದರೆ ಆ ಕಾಮಿಕ್ಸ್ ಸ್ತ್ರೀವಾದಿ ಎನ್ನಬಹುದೇ? ನಮ್ಮ ಓದುಗರ ಗುಂಪಿನಲ್ಲಿ ಇದೇ ಜಗಳ.

ಬಂದೂಕಿನಿಂದ ಏನೂ ತೀರ್ಮಾನವಾಗುವುದಿಲ್ಲ. ನೋಡಬೇಕಾದದ್ದು ಆ ಲೋಕದ ಕಾನೂನನ್ನು. ಹೆಣ್ಣಿನ ಮೈ, ದುಡಿಮೆ, ಹೆರಿಗೆ, ಮಾತು ಇವುಗಳಲ್ಲಿ ಯಾವುದರ ಮೇಲೆ ಯಾರ ಹಿಡಿತವಿದೆ? ಆ ಹಿಡಿತ ಯಾವ ಕಾಗದದ, ಯಾವ ಯಂತ್ರದ, ಯಾರ ಸಂಬಳದ ಮೂಲಕ ದಿನವೂ ನಡೆಯುತ್ತದೆ? ಇದು ಪುಟಗಳಲ್ಲಿ ಕಂಡರೆ ಕೃತಿಯಲ್ಲಿ ಸ್ತ್ರೀವಾದದ ಹುರುಳಿದೆ ಎಂದರ್ಥ. ಕಾಣದಿದ್ದರೆ ನಾಯಕಿ ಎಷ್ಟೇ ಹೊಡೆದರೂ ಅವಳು ಗಂಡು ನಾಯಕನ ಉಡುಪು ತೊಟ್ಟವಳು ಅಷ್ಟೇ.

ಎರಡು ಕೃತಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಗ್ರೆಗ್ ರಕ್ಕ ಬರೆದು ಮೈಕೆಲ್ ಲಾರ್ಕ್ ಚಿತ್ರಿಸಿದ ‘ಲ್ಯಾಜರಸ್’ 2013ರಲ್ಲಿ ಶುರುವಾಯಿತು. ಜಗತ್ತನ್ನು ಕೆಲವೇ ಸಿರಿವಂತ ಕುಟುಂಬಗಳು ಹಂಚಿಕೊಂಡಿವೆ. ಅವರ ಕೆಲಸಕ್ಕೆ ಬಾರದ ಜನರಿಗೆ ‘ಕಸ’ ಎಂದೇ ಹೆಸರು. ನಾಯಕಿ ಫಾರೆವರ್ ಕಾರ್ಲೈಲ್‌ಗೆ ಗುಂಡು ಬಿದ್ದರೂ ಗಾಯ ಮಾಯುತ್ತದೆ, ಅವಳನ್ನು ಸೋಲಿಸುವವರಿಲ್ಲ. ಆದರೆ ಆ ಮೈಯನ್ನು ಕುಟುಂಬದ ಪ್ರಯೋಗಾಲಯ ರೂಪಿಸಿದೆ. ಅದು ಯಾರ ಮೇಲೆ ಎರಗಬೇಕು ಎಂದು ಹೇಳುವವನು ತಂದೆ. ಅತಿ ಬಲಿಷ್ಠಳಾದವಳೇ ಅತಿ ಹೆಚ್ಚು ಒಡೆತನಕ್ಕೆ ಒಳಗಾದವಳು. ಇಲ್ಲಿ ಶಕ್ತಿ ಅವಳದಾಗಿದ್ದರೂ ಹಕ್ಕು ಅವಳದಲ್ಲ, ಕೃತಿಯ ಬಿಗಿ ಇರುವುದು ಅಲ್ಲಿಯೇ.

ಇನ್ನೊಂದು ‘ದಿ ಬ್ಯಾಲಡ್ ಆಫ್ ಹೇಲೊ ಜೋನ್ಸ್’. ಅಲನ್ ಮೂರ್ ಬರೆದು ಇಯಾನ್ ಗಿಬ್ಸನ್ ಚಿತ್ರಿಸಿದ ಇದು 1984ರಿಂದ 1986ರವರೆಗೆ ಬ್ರಿಟನ್ನಿನ ‘2000 ಎಡಿ’ ವಾರಪತ್ರಿಕೆಯಲ್ಲಿ ಬಂತು. ಆ ಪತ್ರಿಕೆಯನ್ನು ಓದುತ್ತಿದ್ದವರು ಹೆಚ್ಚಾಗಿ ಹುಡುಗರು. ಹೇಲೊಗೆ ಯಾವ ವಿಶೇಷ ಶಕ್ತಿಯೂ ಇಲ್ಲ. ಕೆಲಸವಿಲ್ಲದವರನ್ನು ತಂದು ತುಂಬಿದ, ಸಮುದ್ರದ ಮೇಲೆ ತೇಲುವ ಬಳೆಯಾಕಾರದ ವಸತಿಯಲ್ಲಿ ಅವಳ ವಾಸ. ಮೊದಲ ಭಾಗದ ದೊಡ್ಡ ಸಾಹಸವೆಂದರೆ ಮನೆಗೆ ಸಾಮಾನು ತರಲು ಅಂಗಡಿಗೆ ಹೋಗಿ ಜೀವಸಹಿತ ಮರಳುವುದು. ಹೊರಗೆ ಕಾಲಿಡುವುದೇ ಯುದ್ಧತಂತ್ರ ಬೇಡುವ ಲೋಕ ಅದು. ಅಂಗಡಿಗೆ ಹೋಗಿಬರುವ ಕಥೆಯಿಂದಲೇ ಇಷ್ಟನ್ನು ತಿಳಿಸುವ ಕೃತಿಗೆ ಜಗಳದಲ್ಲಿ ನಮ್ಮ ಮತ. ಒಂಬತ್ತು ಭಾಗಗಳ ಯೋಜನೆ ಇತ್ತು. ಹಕ್ಕುಗಳ ವಿವಾದದಿಂದಾಗಿ ಮೂರಕ್ಕೇ ನಿಂತುಹೋಯಿತು, ಇದು ನಿಜಕ್ಕೂ ನಷ್ಟ.

ಪ್ರಶ್ನೆ: ‘ಬಿಚ್ ಪ್ಲ್ಯಾನೆಟ್’ ಓದಿದೆ. ಹೆಂಗಸರ ಜೈಲು, ಬೆತ್ತಲೆ ಮೈ, ಸ್ನಾನದ ಮನೆ, ಹೊಡೆದಾಟ ಎಲ್ಲವೂ ಇದೆ. ಶೋಷಣೆಯನ್ನು ಟೀಕಿಸುತ್ತೇವೆ ಎಂದು ಹೇಳಿಕೊಂಡು ಅದನ್ನೇ ಮಾರುತ್ತಿದ್ದಾರಲ್ಲವೇ?

ಈ ಅನುಮಾನ ಇಟ್ಟುಕೊಂಡೇ ಓದಬೇಕು. ಕೆಲ್ಲಿ ಸ್ಯೂ ಡಿಕಾನಿಕ್ ಬರೆದು ವ್ಯಾಲೆಂಟೈನ್ ಡಿ ಲ್ಯಾಂಡ್ರೊ ಚಿತ್ರಿಸಿದ ಈ ಸರಣಿಯ ಮೊದಲ ಸಂಚಿಕೆ ಬಂದದ್ದು 2014ರ ಡಿಸೆಂಬರಿನಲ್ಲಿ, ಇಮೇಜ್ ಕಾಮಿಕ್ಸ್‌ನಿಂದ. ‘ಪಿತೃಗಳ’ ಆಡಳಿತ ಹೇಳಿದಂತೆ ಕೇಳದ ಹೆಂಗಸರನ್ನು ಭೂಮಿಯಾಚೆಯ ಸೆರೆಮನೆಗೆ ಅಟ್ಟಲಾಗುತ್ತದೆ. ದಪ್ಪಗಿರುವುದು, ಎದುರು ಮಾತಾಡುವುದು, ಗಂಡನಿಗೆ ಬೇಡವಾಗುವುದು ಎಲ್ಲವೂ ಅಲ್ಲಿ ಅಪರಾಧ. 1970ರ ದಶಕದ ಹೆಂಗಸರ ಜೈಲಿನ ಅಗ್ಗದ ಸಿನಿಮಾಗಳ ಅಚ್ಚನ್ನು ಬೇಕೆಂದೇ ತೆಗೆದುಕೊಂಡಿದ್ದಾರೆ. ಹಾಗಾಗಿ ನೀವು ಹೇಳಿದ್ದೆಲ್ಲ ಅದರಲ್ಲಿರುವುದು ನಿಜ. ಇದ್ದದ್ದನ್ನು ಅವರು ಹೇಗೆ ತಿರುಗಿಸಿದ್ದಾರೆ ಎನ್ನುವುದರ ಮೇಲೆ ಉತ್ತರ ನಿಂತಿದೆ.

ಮೊದಲ ಸಂಚಿಕೆಯಲ್ಲಿ ಬಿಳಿಯ, ಸಣಕಲು ಮೈಯ, ತಪ್ಪು ಮಾಡದ ಮೇರಿಯನ್ ಎಂಬಾಕೆಯನ್ನು ನಾಯಕಿಯೆಂದು ನಂಬಿಸುತ್ತಾರೆ. ಆ ಜಾತಿಯ ಸಿನಿಮಾಗಳ ರೂಢಿ ಅದು. ಸಂಚಿಕೆ ಮುಗಿಯುವ ಮೊದಲೇ ಆಕೆ ಸಾಯುತ್ತಾಳೆ, ಕಥೆ ಕಾಮಾವ್ ಕೋಗೊ ಎಂಬ ಕಪ್ಪು ಹೆಣ್ಣಿನ ಕಡೆ ಹೊರಳುತ್ತದೆ. ಯಾರ ನೋವಿಗೆ ನಾವು ತಾನಾಗಿ ಮಿಡಿಯುತ್ತೇವೆ ಎಂಬ ಅಭ್ಯಾಸಕ್ಕೇ ಇಲ್ಲಿ ಪೆಟ್ಟು. ಮೂರನೆಯ ಸಂಚಿಕೆ ಪೆನ್ನಿ ರೋಲ್‌ಳದು, ಚಿತ್ರ ರಾಬರ್ಟ್ ವಿಲ್ಸನ್ ಅವರದು. ದೊಡ್ಡ ಮೈಯ ಪೆನ್ನಿಯನ್ನು ಯಂತ್ರಕ್ಕೆ ಕಟ್ಟಿ, ಅವಳು ತನ್ನ ಮನಸ್ಸಿನಲ್ಲಿ ಬಯಸುವ ‘ಆದರ್ಶ’ ರೂಪವನ್ನು ಪರದೆಯ ಮೇಲೆ ತೋರಿಸುವಂತೆ ಮಾಡುತ್ತಾರೆ. ಪರದೆಯಲ್ಲಿ ಮೂಡುವುದು ಅವಳದೇ ರೂಪ, ಈಗ ಇರುವ ಹಾಗೆಯೇ. ಒಂದು ಮಾತಿಲ್ಲದೆ ಇಡೀ ನ್ಯಾಯಾಲಯ ಸೋಲುತ್ತದೆ. ಕಾಮಿಕ್ಸ್ ಮಾತ್ರ ಮಾಡಬಲ್ಲ ಕೆಲಸ ಇದು, ಎರಡು ಚಿತ್ರಗಳು ಒಂದೇ ಆಗಿರುವುದನ್ನು ಕಣ್ಣು ಕ್ಷಣದಲ್ಲಿ ಹಿಡಿಯುತ್ತದೆ. ಸ್ನಾನದ ಮನೆಯ ದೃಶ್ಯದಲ್ಲೂ ಗೋಡೆಯ ಕಿಂಡಿಯಿಂದ ಕದ್ದು ನೋಡುವ ಕಾವಲುಗಾರನಿದ್ದಾನೆ. ಸಿಕ್ಕಿಬೀಳುವವನು ಅವನು.

ಬಿಡಿ ಸಂಚಿಕೆಗಳ ಹಿಂಬದಿಯಲ್ಲಿ ಹಳೆಯ ಕಾಮಿಕ್ಸ್ ಜಾಹೀರಾತುಗಳ ಅಣಕವಿದೆ, ಪ್ರಬಂಧಗಳಿವೆ. ಸಿಕ್ಕಿದರೆ ಬಿಡಿ ಸಂಚಿಕೆಗಳನ್ನೇ ಓದಿ.

ಆದರೂ ನಮ್ಮ ಮಾತನ್ನು ನಂಬಿ ಬಿಡಬೇಡಿ, ಯಾವ ಪುಸ್ತಕವನ್ನಾದರೂ ಹೀಗೆ ಪರೀಕ್ಷಿಸಿ. ಸತತ 20 ಪುಟ ಆರಿಸಿಕೊಳ್ಳಿ. ಒಂದು ಹಾಳೆಯಲ್ಲಿ ನಾಲ್ಕು ಕಲಂ ಎಳೆಯಿರಿ. ಒಂದರಲ್ಲಿ, ತಲೆಯನ್ನು ಚೌಕಟ್ಟಿನಾಚೆ ಕತ್ತರಿಸಿ ಮೈಯಷ್ಟೇ ತೋರಿಸಿದ ಪ್ಯಾನೆಲ್‌ಗಳ (ಪುಟದ ಒಂದೊಂದು ಚಿತ್ರಚೌಕದ) ಲೆಕ್ಕ, ಹೆಣ್ಣು ಗಂಡು ಬೇರೆಬೇರೆಯಾಗಿ. ಎರಡನೆಯದರಲ್ಲಿ, ನೋಟದ ಎತ್ತರ: ಅವಳ ಕಣ್ಣಿನ ಮಟ್ಟದಿಂದ ಎಷ್ಟು, ಅವಳನ್ನು ಮೇಲಿನಿಂದ ಅಥವಾ ಹಿಂದಿನಿಂದ ನೋಡುವಂಥವು ಎಷ್ಟು. ಮೂರನೆಯದು ಹಿಂಸೆಯ ಕಲಂ: ಹೊಡೆತ ಬಿದ್ದಾಗ ಚಿತ್ರದ ನಡುವೆ ಇರುವುದು ಹೊಡೆದವನ ಮುಖವೋ, ಪೆಟ್ಟು ತಿಂದವಳ ಮುಖವೋ, ಬರೀ ಅವಳ ಮೈಯೋ. ನಾಲ್ಕನೆಯದು: ಪುಟದ ಕೊನೆಯ ಮಾತು ಯಾರದು. ಅರ್ಧ ಗಂಟೆಯ ಕೆಲಸ. ಮೊದಲ ಕಲಂನಲ್ಲಿ ಹೆಣ್ಣುಗಳ ಸಂಖ್ಯೆ ಗಂಡುಗಳದಕ್ಕಿಂತ ಬಹಳ ಹೆಚ್ಚಿದ್ದು ಮೂರನೆಯದರಲ್ಲಿ ಬರೀ ಮೈ ತುಂಬಿದ್ದರೆ, ಕಥೆ ಏನೇ ಹೇಳಲಿ, ಚಿತ್ರ ಬೇರೆಯವರ ಪರವಾಗಿ ಮಾತಾಡುತ್ತಿದೆ. ಕನ್ನಡದಲ್ಲಿ ಚೌಕಟ್ಟು ಎಂಬ ಒಂದೇ ಮಾತು ಚಿತ್ರದ ಅಂಚಿಗೂ ಸಲ್ಲುತ್ತದೆ, ಕಟ್ಟುಪಾಡಿಗೂ ಸಲ್ಲುತ್ತದೆ. ಈ ಕಾಮಿಕ್ಸ್‌ಗಳನ್ನು ಓದುವಾಗ ಎರಡನ್ನೂ ಕೂಡಿಸಿಯೇ ನೋಡಬೇಕು.

ಪ್ರಶ್ನೆ: ಬೆಕ್ಡೆಲ್ ಪರೀಕ್ಷೆ ಪಾಸಾದರೆ ಸಾಲದೇ?

ಸಾಲದು. ಅಲಿಸನ್ ಬೆಕ್ಡೆಲ್ 1985ರ ತಮ್ಮ ಒಂದು ಕಾಮಿಕ್ ಸ್ಟ್ರಿಪ್‌ನಲ್ಲಿ ಸಿನಿಮಾಗಳ ಬಗ್ಗೆ ಹೇಳಿದ್ದು ಇಷ್ಟೇ: ಇಬ್ಬರು ಹೆಂಗಸರಿರಬೇಕು, ಪರಸ್ಪರ ಮಾತಾಡಬೇಕು, ಮಾತು ಗಂಡಸಿನ ಕುರಿತಲ್ಲದೆ ಬೇರೆ ಏನಾದರೂ ಆಗಿರಬೇಕು. ಹೆಂಗಸರ ಜೈಲಿನ ಅತಿ ಕೆಟ್ಟ ಕಥೆಯೂ ಇದನ್ನು ದಾಟುತ್ತದೆ. ಡಿಸ್ಟೋಪಿಯಾಕ್ಕೆ ಹೆಚ್ಚು ಉಪಯೋಗಕ್ಕೆ ಬರುವುದು ಡಿಕಾನಿಕ್ ಹೇಳಿದ ದೀಪದ ಪರೀಕ್ಷೆ: ಆ ಹೆಣ್ಣು ಪಾತ್ರವನ್ನು ತೆಗೆದು ಅಲ್ಲೊಂದು ಅಂದದ ದೀಪ ಇಟ್ಟರೂ ಕಥೆ ನಡೆಯುತ್ತದೆ ಎಂದಾದರೆ ಬರವಣಿಗೆ ಕೆಟ್ಟಿದೆ. ಕಾಮಿಕ್ಸ್ ಲೇಖಕಿ ಗೇಲ್ ಸಿಮೋನ್ 1999ರಲ್ಲಿ ಮಾಡಿದ ‘ವಿಮೆನ್ ಇನ್ ರೆಫ್ರಿಜರೇಟರ್ಸ್’ ಪಟ್ಟಿಯೂ ನೆನಪಿರಲಿ. ನಾಯಕನಿಗೆ ಸಿಟ್ಟು ಬರಿಸುವುದಕ್ಕೆಂದೇ ಕೊಲ್ಲಿಸಿದ, ಕೆಡಿಸಿದ ಹೆಣ್ಣು ಪಾತ್ರಗಳ ಪಟ್ಟಿ ಅದು. 1994ರ ಒಂದು ‘ಗ್ರೀನ್ ಲ್ಯಾಂಟರ್ನ್’ ಸಂಚಿಕೆಯಲ್ಲಿ ನಾಯಕನ ಗೆಳತಿಯ ಹೆಣವನ್ನು ಫ್ರಿಜ್ಜಿನಲ್ಲಿ ತುರುಕಿದ್ದರು, ಪಟ್ಟಿಗೆ ಹೆಸರು ಬಂದದ್ದು ಅದರಿಂದ. ಕರಾಳ ಲೋಕದ ಕಥೆಗಳು ಶುರುವಿನಲ್ಲೇ ಹೆಂಡತಿಯನ್ನೋ ಮಗಳನ್ನೋ ಕೊಂದು ಗಂಡಸನ್ನು ಹೊರಡಿಸುವುದು ಇವತ್ತಿಗೂ ಸಾಮಾನ್ಯ.

ಪ್ರಶ್ನೆ: ಗಂಡಸರು ಸತ್ತುಹೋದ ಅಥವಾ ಕಡಿಮೆಯಾದ ಲೋಕದ ಕಥೆಗಳು ಅಷ್ಟೊಂದು ಯಾಕೆ? ಅವು ಗಂಡಸರ ಮೇಲಿನ ಸಿಟ್ಟಿನ ಕಥೆಗಳೇ?

ತಿರುವುಮುರುವು ಮಾಡಿ ನೋಡುವುದು ಹಳೆಯ ಉಪಾಯ. ಬಂಗಾಳದ ಲೇಖಕಿ ರೊಕೇಯಾ ಸಖಾವತ್ ಹುಸೇನ್ 1905ರಲ್ಲಿ ಬರೆದ ‘ಸುಲ್ತಾನಾಸ್ ಡ್ರೀಮ್’ ಕಥೆಯಲ್ಲಿ ಗಂಡಸರು ಅಂತಃಪುರದಲ್ಲಿ, ಹೆಂಗಸರು ವಿಜ್ಞಾನದ ಬಲದಿಂದ ರಾಜ್ಯಭಾರದಲ್ಲಿ. ಅದು ಕೆಟ್ಟ ಲೋಕವಲ್ಲ, ಕನಸಿನ ಲೋಕ. ಆದರೂ ಉಪಾಯ ಅದೇ: ರೂಢಿಯಾಗಿ ಕಣ್ಣಿಗೆ ಬೀಳದೆ ಹೋದದ್ದನ್ನು ತಲೆಕೆಳಗು ಮಾಡಿ ಕಾಣಿಸುವುದು. ಸಿಟ್ಟಿಗಿಂತ ಹೆಚ್ಚಾಗಿ ಇದು ಅಳತೆಗೋಲು.

ಬ್ರಯಾನ್ ಕೆ. ವಾನ್ ಮತ್ತು ಪಿಯಾ ಗೆರಾ ಅವರ ‘ವೈ: ದಿ ಲಾಸ್ಟ್ ಮ್ಯಾನ್’ 2002ರಿಂದ 2008ರವರೆಗೆ 60 ಸಂಚಿಕೆಗಳಲ್ಲಿ ಬಂತು. ವೈ ಕ್ರೋಮೋಸೋಮ್ ಇರುವ ಸಸ್ತನಿಗಳೆಲ್ಲ ಒಮ್ಮೆಗೇ ಸಾಯುತ್ತವೆ, ಯೋರಿಕ್ ಎಂಬ ಯುವಕ ಮತ್ತು ಅವನ ಸಾಕು ಕೋತಿ ಮಾತ್ರ ಉಳಿಯುತ್ತಾರೆ. ಈ ಕೃತಿಯ ನಿಜವಾದ ಸರಕು ಯೋರಿಕ್ ಅಲ್ಲ, ಲೆಕ್ಕ. ಯಾವ ಕೆಲಸದಲ್ಲಿ ಎಷ್ಟು ಹೆಂಗಸರಿದ್ದರು ಎಂಬುದೇ ಮರುದಿನ ಯಾವುದು ನಡೆಯುತ್ತದೆ, ಯಾವುದು ನಿಲ್ಲುತ್ತದೆ ಎಂಬುದನ್ನು ನಿರ್ಧರಿಸುತ್ತದೆ. ಹೆಂಗಸರನ್ನು ಸೈನ್ಯಕ್ಕೆ ಕಡ್ಡಾಯವಾಗಿ ಸೇರಿಸುತ್ತಿದ್ದ ಇಸ್ರೇಲಿನ ಪಡೆ ಉಳಿಯುತ್ತದೆ, ಜಲಾಂತರ್ಗಾಮಿಗಳಲ್ಲಿ ಹೆಂಗಸರಿಗೆ ಅವಕಾಶವಿದ್ದ ಆಸ್ಟ್ರೇಲಿಯಾದ ನೌಕೆ ತೇಲುತ್ತದೆ. ಅಮೆರಿಕದಲ್ಲಿ ಸತ್ತ ಸಂಸದರ ಹೆಂಡಿರು ಗಂಡಂದಿರ ಕುರ್ಚಿ ತಮಗೇ ಬೇಕೆಂದು ಬಂದೂಕು ಹಿಡಿದು ಬರುತ್ತಾರೆ. ಅಸಮಾನತೆ ಹಿಂದೆಯೇ ಎಷ್ಟು ಆಳವಾಗಿತ್ತು ಎಂಬುದು ದುರಂತದ ನಂತರ ಬಯಲಾಗುತ್ತದೆ. ಇದರ ದೌರ್ಬಲ್ಯವನ್ನೂ ಹೇಳಲೇಬೇಕು. ಕೋಟಿಗಟ್ಟಲೆ ಹೆಂಗಸರಿರುವ ಲೋಕದಲ್ಲಿ ಕಥೆ ಒಬ್ಬ ಹುಡುಗನ ಬೆನ್ನು ಹತ್ತುತ್ತದೆ. ಕ್ರೋಮೋಸೋಮನ್ನೇ ಲಿಂಗದ ಕೊನೆಯ ಮಾತು ಎಂದು ಇಟ್ಟುಕೊಂಡು ಟ್ರಾನ್ಸ್ ಜನರ ಪ್ರಶ್ನೆಯನ್ನು ಸರಿಯಾಗಿ ಎದುರಿಸುವುದಿಲ್ಲ.

ಇದಕ್ಕಿಂತ ಆಳವಾದದ್ದು ಫುಮಿ ಯೋಶಿನಾಗ ಅವರ ‘ಓಕು’. 19 ಸಂಪುಟಗಳ ಈ ಮಂಗಾ (ಜಪಾನಿ ಕಾಮಿಕ್ಸ್), ಲಿಂಗದ ಪ್ರಶ್ನೆ ಕೆದಕುವ ವೈಜ್ಞಾನಿಕ ಕಥೆಗಳಿಗೆ ಕೊಡುವ 2009ರ ಟಿಪ್ಟ್ರೀ ಪ್ರಶಸ್ತಿ ಹಂಚಿಕೊಂಡಿತು. ಇದು ನಡೆಯುವುದು ಮುಂದಿನ ಕಾಲದಲ್ಲಲ್ಲ, ಬದಲಾದ ಜಪಾನಿನ ಎದೋ ಯುಗದಲ್ಲಿ (17ರಿಂದ 19ನೆಯ ಶತಮಾನ). ಎಳೆಯ ಗಂಡುಗಳನ್ನು ಬಲಿ ತೆಗೆದುಕೊಳ್ಳುವ ಒಂದು ಸಿಡುಬಿನಿಂದ ಗಂಡಸರ ಸಂಖ್ಯೆ ಕಾಲು ಭಾಗಕ್ಕೆ ಇಳಿಯುತ್ತದೆ. ಹೊಲ, ಅಂಗಡಿ, ಮನೆತನದ ಹಕ್ಕು, ಕೊನೆಗೆ ನಾಡನ್ನಾಳುವ ಸೇನಾನಾಯಕನಾದ ಶೋಗುನ್‌ನ ಪೀಠ ಎಲ್ಲವೂ ಹೆಂಗಸರ ಕೈಗೆ ಬರುತ್ತವೆ. ಅಂತಃಪುರದಲ್ಲಿ ತುಂಬುವವರು ಗಂಡಸರು, ಮನೆಮನೆಯಲ್ಲಿ ಅವರನ್ನು ಬೀಜಕ್ಕೆಂದು ಬಾಡಿಗೆಗೆ ಕೊಡಲಾಗುತ್ತದೆ. ಹಾಗೆಂದು ಹೆಂಗಸರು ಬಿಡುಗಡೆಯಾದರೇ? ಇಲ್ಲ. ಆಳುವ ಹೆಣ್ಣುಗಳು ಗಂಡಸಿನ ಹೆಸರಿಟ್ಟುಕೊಂಡೇ ಆಳಬೇಕು. ಮೊದಲ ಹೆಣ್ಣು ಶೋಗುನಳನ್ನು ಸತ್ತ ತಂದೆಯ ವೇಷದಲ್ಲಿ ಕೂರಿಸುತ್ತಾರೆ, ವಾರಸುದಾರನನ್ನು ಹೆರಲೇಬೇಕೆಂದು ಹಿಂಡುತ್ತಾರೆ. ಮಂದಿ ಬದಲಾದರು, ಮನೆತನದ ಕಟ್ಟಳೆ ಬದಲಾಗಲಿಲ್ಲ. ಅಧಿಕಾರದಲ್ಲಿ ಕೂತವರ ಲಿಂಗ ಮಾತ್ರ ಬದಲಾದರೆ ಸಾಲದು ಎಂಬುದನ್ನು ಇಷ್ಟು ತಾಳ್ಮೆಯಿಂದ ತೋರಿಸಿದ ಕಾಮಿಕ್ಸ್ ಬಹಳ ಕಡಿಮೆ. ಲೈಂಗಿಕ ಹಿಂಸೆಯ ಭಾಗಗಳಿವೆ, ಇದು ದೊಡ್ಡವರ ಓದು.

ಮೋಟೊ ಹಾಗಿಯೊ ಅವರ ‘ಮಾರ್ಜಿನಲ್’ನಲ್ಲಿ ಇದರ ತಿರುವು: ಭೂಮಿಯ ತುಂಬ ಗಂಡಸರೇ, ಇಡೀ ಲೋಕಕ್ಕೆ ಒಬ್ಬಳೇ ‘ತಾಯಿ’. 1980ರ ದಶಕದ ನಡುವಿನ ಈ ಕೃತಿ ತಾಯ್ತನವನ್ನು ದೇವರ ಗುಡಿಯಲ್ಲಿ ಕೂರಿಸಿದಾಗ ಏನಾಗುತ್ತದೆ ಎಂದು ಕೇಳುತ್ತದೆ.

ಪ್ರಶ್ನೆ: ಇಂಥ ಕಥೆಗಳಲ್ಲಿ ಹೆಂಗಸರನ್ನು ಹಿಂಸಿಸುವವರು ಹೆಚ್ಚಾಗಿ ಹೆಂಗಸರೇ. ‘ಹೆಣ್ಣಿಗೆ ಹೆಣ್ಣೇ ಶತ್ರು’ ಎಂದು ಹೇಳಿದಂತಾಗುವುದಿಲ್ಲವೇ?

ಕಥೆಗಾರ ಅಲ್ಲಿಗೇ ನಿಂತರೆ ಹಾಗೆಯೇ ಆಗುತ್ತದೆ. ಆ ಹೆಂಗಸನ್ನು ಕಾವಲಿಗೆ ಕೂರಿಸಿದವರು ಯಾರು, ಅವಳಿಗೆ ಬೇರೆ ಯಾವ ದಾರಿ ಇತ್ತು ಎಂದು ಮುಂದೆ ಹೋದರೆ ಆಗುವುದಿಲ್ಲ.

ಕಾಯು ಶಿರಾಯ್ ಬರೆದು ಪೊಸುಕ ದೆಮಿಜು ಚಿತ್ರಿಸಿದ ‘ದಿ ಪ್ರಾಮಿಸ್ಡ್ ನೆವರ್‌ಲ್ಯಾಂಡ್’ ನೋಡಿ. 2016ರಿಂದ 2020ರವರೆಗೆ ಬಂತು, 20 ಸಂಪುಟ. ಅನಾಥಾಲಯದಂತೆ ಕಾಣುವ ಮನೆಯಲ್ಲಿ ಮಕ್ಕಳನ್ನು ರಾಕ್ಷಸರ ಊಟಕ್ಕೆಂದು ಸಾಕಲಾಗುತ್ತಿದೆ. ಸಾಕುವವಳು ಇಸಾಬೆಲ್ಲ, ಎಲ್ಲರ ‘ಮಾಮಾ’, ಅಂದರೆ ಅಮ್ಮ. ಅವಳೂ ಹಾಗೆಯೇ ಬೆಳೆದ ಹುಡುಗಿ. ಹನ್ನೆರಡರ ವಯಸ್ಸಿಗೆ ಹುಡುಗಿಯರ ಮುಂದೆ ಎರಡೇ ದಾರಿ: ಸಾಯುವುದು, ಇಲ್ಲವೇ ತಾಯಿಯಾಗುವ ತರಬೇತಿಗೆ ಹೋಗುವುದು. ಆ ತರಬೇತಿಯಲ್ಲಿ ಹೆರಲೇಬೇಕು. ಎಲ್ಲೆ ದಾಟಿದರೆ ಪ್ರಾಣ ಹೋಗುವಂಥ ಸಾಧನ ಎದೆಯೊಳಗೆ. ಅವಳ ಪ್ರೀತಿ ನಾಟಕವಲ್ಲ, ಪ್ರೀತಿಯಿಂದಲೇ ಸಾಕಿ ಬಲಿಗೆ ಕಳಿಸುತ್ತಾಳೆ. ಪ್ರೀತಿಯನ್ನೇ ಕಾವಲು ಮಾಡಿಬಿಟ್ಟ ವ್ಯವಸ್ಥೆಯ ಚಿತ್ರ ಇದು. ಹುಡುಗರ ಪತ್ರಿಕೆಯಲ್ಲಿ ಎಮ್ಮಾ ಎಂಬ ಹುಡುಗಿ ನಾಯಕಿಯಾಗಿ ಬಂದದ್ದನ್ನು ಎಲ್ಲರೂ ಹೊಗಳುತ್ತಾರೆ, ನಮಗೆ ಇಸಾಬೆಲ್ಲಳೇ ದೊಡ್ಡ ಸಾಧನೆ.

ಪ್ರಶ್ನೆ: ‘ವಿ ಫಾರ್ ವೆಂಡೆಟ್ಟಾ’ದಲ್ಲಿ ಈವಿ ಎಂಬ ಹುಡುಗಿಯನ್ನು, ಸರ್ವಾಧಿಕಾರಿ ಸರ್ಕಾರದ ವಿರುದ್ಧ ಹೋರಾಡುವ ಮುಖವಾಡದ ಬಂಡಾಯಗಾರ ‘ವಿ’ಯೇ ಸೆರೆಯಲ್ಲಿಟ್ಟು ಹಿಂಸಿಸಿ, ಆಮೇಲೆ ನೀನೀಗ ಸ್ವತಂತ್ರಳು ಎನ್ನುತ್ತಾನೆ. ಒಪ್ಪಬಹುದೇ?

ನಾವು ಒಪ್ಪುವುದಿಲ್ಲ. ಹೆಣ್ಣೊಬ್ಬಳನ್ನು ಬಿಡಿಸಲು ಅವಳಿಗೆ ತಿಳಿಯದಂತೆ, ಅವಳ ತಲೆ ಬೋಳಿಸಿ, ಸರ್ಕಾರದ ವೇಷದಲ್ಲಿ ಚಿತ್ರಹಿಂಸೆ ಕೊಡುವವನು ತಾನು ಎದುರಿಸುತ್ತಿರುವ ಸರ್ಕಾರದ ಪಾಠವನ್ನೇ ಒಪ್ಪಿಸುತ್ತಿದ್ದಾನೆ. ಆ ಅಧ್ಯಾಯವನ್ನು ಉಳಿಸುವುದು ಗೋಡೆಯ ಸಂದಿನಿಂದ ಬರುವ ವ್ಯಾಲರಿಯ ಪತ್ರ. ಹೆಣ್ಣನ್ನು ಪ್ರೀತಿಸಿದ್ದಕ್ಕೆ ಸೆರೆ ಸೇರಿದ ನಟಿ ಆಕೆ. ಈವಿಯನ್ನು ಗಟ್ಟಿ ಮಾಡುವುದು ಇನ್ನೊಬ್ಬ ಹೆಣ್ಣಿನ ಕೈಬರಹ. ಹಾಗೆ ಓದಿದರೆ ಅಧ್ಯಾಯಕ್ಕೆ ಬೇರೆಯೇ ಅರ್ಥ ಬರುತ್ತದೆ, ವಿ ಬರೀ ಅಂಚೆಯವನು.

ಪ್ರಶ್ನೆ: ಮಗಳಿಗೆ 13 ವರ್ಷ, ಮಂಗಾ ಓದುತ್ತಾಳೆ. ಯಾವುದರಿಂದ ಶುರು ಮಾಡಲಿ?

ಹಯಾವೊ ಮಿಯಾಝಾಕಿ ಅವರ ‘ನೌಸಿಕಾ’ದಿಂದ. 1982ರಿಂದ 1994ರವರೆಗೆ ಬಿಟ್ಟುಬಿಟ್ಟು ಬಂದದ್ದು, 7 ಸಂಪುಟ. ವಿಷಗಾಳಿಯ ಕಾಡು, ದೈತ್ಯ ಕೀಟಗಳು, ಯುದ್ಧ. ನೌಸಿಕಾ ಮತ್ತು ತೊರುಮೆಕಿಯಾ ಎಂಬ ರಾಜ್ಯದ ರಾಜಕುಮಾರಿ ಕುಶಾನ, ಇಬ್ಬರೂ ಪಡೆ ನಡೆಸುವ ಹೆಣ್ಣುಗಳೇ. ಸಿನಿಮಾ ನೋಡಿದ್ದರೂ ಪುಸ್ತಕ ಬೇರೆಯೇ, ಬಹಳ ದೊಡ್ಡದು. ಯುದ್ಧದ ಸಾವುನೋವು ಇರುವುದರಿಂದ ಮೊದಲ ಸಂಪುಟ ನೀವೂ ಜೊತೆಗೆ ಓದಿ. ಆಮೇಲೆ ಕೆಯ್ಕೊ ತಾಕೆಮಿಯ ಅವರ ‘ಟು ಟೆರಾ’: ಕಂಪ್ಯೂಟರ್ ಹುಟ್ಟನ್ನು ನಿಯಂತ್ರಿಸುವ ಲೋಕ, 14ಕ್ಕೆ ಬಾಲ್ಯದ ನೆನಪು ಅಳಿಸುವ ಪರೀಕ್ಷೆ. ಅವಳ ವಯಸ್ಸಿಗೆ ಚೆನ್ನಾಗಿ ನಾಟುತ್ತದೆ. ‘ಪ್ರಾಮಿಸ್ಡ್ ನೆವರ್‌ಲ್ಯಾಂಡ್’ ಮೂರನೆಯದು. ‘ವೈ’, ‘ಬಿಚ್ ಪ್ಲ್ಯಾನೆಟ್’, ‘ಓಕು’ ಈಗ ಬೇಡ.

ಪ್ರಶ್ನೆ: ಕಾದಂಬರಿ ಇರುವಾಗ ಅದರ ಕಾಮಿಕ್ಸ್ ರೂಪ ಏತಕ್ಕೆ?

ಮಾರ್ಗರೆಟ್ ಆಟ್ವುಡ್ ಅವರ ಕಾದಂಬರಿಯನ್ನು ರೆನೆ ನಾಲ್ಟ್ 2019ರಲ್ಲಿ ಜಲವರ್ಣದಲ್ಲಿ ಮಾಡಿದ ‘ದಿ ಹ್ಯಾಂಡ್‌ಮೇಡ್ಸ್ ಟೇಲ್’ ತೆರೆದು ನೋಡಿ. ಮುಖದ ಎರಡೂ ಬದಿಗೆ ಬಿಳಿ ರೆಕ್ಕೆಯಂಥ ಟೋಪಿ ಹಾಕಿಸಿ ಹೆಂಗಸರ ನೋಟವನ್ನು ಕಡಿಯುವುದು ಕಾದಂಬರಿಯಲ್ಲಿ ಒಂದು ವಿವರಣೆ. ಚಿತ್ರದಲ್ಲಿ ಆ ಟೋಪಿಯೇ ಪ್ಯಾನೆಲ್ಲಿನೊಳಗೆ ಇನ್ನೊಂದು ಚೌಕಟ್ಟಾಗುತ್ತದೆ. ಕಳೆದುಕೊಳ್ಳುವುದೂ ಇದೆ: ಮನಸ್ಸಿನೊಳಗಿನ ಮಾತಿನಾಟ ಬಹುಪಾಲು ಹೋಗುತ್ತದೆ. ಆಕ್ಟೇವಿಯಾ ಬಟ್ಲರ್ ಅವರ ಕಾದಂಬರಿಯಿಂದ ಡೇಮಿಯನ್ ಡಫಿ, ಜಾನ್ ಜೆನಿಂಗ್ಸ್ ಸೇರಿ 2020ರಲ್ಲಿ ತಂದ ‘ಪ್ಯಾರಬಲ್ ಆಫ್ ದಿ ಸೋವರ್’ ಈ ತೊಡಕನ್ನು ನಾಯಕಿಯ ದಿನಚರಿಯನ್ನೇ ಕ್ಯಾಪ್ಶನ್ (ಚಿತ್ರದೊಂದಿಗಿನ ಬರಹ) ಮಾಡಿ ಬಿಡಿಸಿಕೊಂಡಿದೆ. ಬೇರೆಯವರ ನೋವು ಕಂಡರೆ ತನ್ನ ಮೈಯಲ್ಲೇ ಅನುಭವಿಸುವ ಹುಡುಗಿ ಅವಳು, ಅದಕ್ಕೆ ಚಿತ್ರದ ನೆರವು ಬಹಳ.

ಪ್ರಶ್ನೆ: ಎಂಟು ಪುಟದ ಕಾಮಿಕ್ಸ್ ಬರೆಯುತ್ತಿದ್ದೇನೆ. ಎಷ್ಟು ತಿದ್ದಿದರೂ ಭಾಷಣವಾಗುತ್ತದೆ. ಎಲ್ಲಿ ತಪ್ಪುತ್ತಿದ್ದೇನೆ?

ಬಹುಶಃ ಲೋಕದ ನಿಯಮಗಳು ಹೆಚ್ಚಾಗಿವೆ, ಅವನ್ನು ಕ್ಯಾಪ್ಶನ್‌ನಲ್ಲಿ ವಿವರಿಸುತ್ತಿದ್ದೀರಿ. ಎಂಟು ಪುಟಕ್ಕೆ ಒಂದೇ ನಿಯಮ ಸಾಕು. ಉದಾಹರಣೆಗೆ: ಪ್ರತಿ ಹೆಣ್ಣೂ ವಾರಕ್ಕೆ 42 ಗಂಟೆ ‘ಆರೈಕೆ’ ಸಲ್ಲಿಸಬೇಕು, ಮಣಿಕಟ್ಟಿನ ಪಟ್ಟಿ ಅದನ್ನು ಎಣಿಸುತ್ತದೆ, ಕಡಿಮೆಯಾದರೆ ಅವಳ ಪಾಲಿನ ನೀರು ಕಡಿತ. ಈಗ ನಾಲ್ಕು ಪ್ರಶ್ನೆಗೆ ಉತ್ತರ ಬರೆದುಕೊಳ್ಳಿ. ಯಾವ ಕೆಲಸ ಆರೈಕೆ ಎಂದು ಯಾರು ತೀರ್ಮಾನಿಸುತ್ತಾರೆ? ಅವಳು ಕಾಯಿಲೆ ಬಿದ್ದರೆ? ಉಳಿದ ನೀರು ಯಾರಿಗೆ ಹೋಗುತ್ತದೆ? ನಿಯಮ ಎಲ್ಲಿ ಸೋರುತ್ತದೆ, ಹೆಂಗಸರು ಗುಟ್ಟಾಗಿ ಗಂಟೆ ಹಂಚಿಕೊಳ್ಳುತ್ತಾರೆಯೇ? ಕಥೆ ಇರುವುದು ನಾಲ್ಕನೆಯದರಲ್ಲಿ. ಮೊದಲ ಮೂರನ್ನು ಎಲ್ಲಿಯೂ ಹೇಳಬೇಡಿ, ತಿಳಿದುಕೊಂಡಿರಿ.

ನಿಯಮವನ್ನು ವಸ್ತುವಿನ ಮೂಲಕ ಕಾಣಿಸಿ. ಪಟ್ಟಿಯ ಮೇಲಿನ ಅಂಕಿ ಪ್ರತಿ ಪ್ಯಾನೆಲ್ಲಿನಲ್ಲೂ ಓದುವಷ್ಟು ದೊಡ್ಡದಾಗಿರಲಿ. ಮಗುವಿಗೆ ಉಣಿಸುವಾಗ ಅಂಕಿ ಓಡಲಿ, ಅವಳು ಕಿಟಕಿಯಾಚೆ ನೋಡುತ್ತ ಕೂತರೆ ನಿಲ್ಲಲಿ. ಎರಡನೆಯ ಪುಟದ ಹೊತ್ತಿಗೆ ಓದುಗರಿಗೆ ನಿಯಮ ತಾನಾಗಿ ತಿಳಿದಿರುತ್ತದೆ, ಒಂದು ಕ್ಯಾಪ್ಶನ್ ಬೇಕಾಗುವುದಿಲ್ಲ.

ಪುಟಕ್ಕೆ 5-6 ಪ್ಯಾನೆಲ್, ಎಂಟು ಪುಟಕ್ಕೆ ಹೆಚ್ಚೆಂದರೆ 48. ಮಡಿಚಿ ಪಿನ್ ಹೊಡೆಯುವ ಪುಸ್ತಿಕೆಯಲ್ಲಿ ಪುಟಸಂಖ್ಯೆ 4ರ ಗುಣಕವಾಗಿರಬೇಕು, ಎರಡು ಎ4 ಹಾಳೆ ಮಡಿಚಿದರೆ ಎಂಟು ಪುಟ ಸಿಗುತ್ತದೆ. ರಕ್ಷಾಪುಟವೂ ಆ ಲೆಕ್ಕದೊಳಗೇ ಇದ್ದರೆ ಕಥೆಗೆ ಉಳಿಯುವುದು ಏಳು ಅಥವಾ ಆರು. ಬೆಸ ಪುಟ ಬಲಕ್ಕೆ ಬರುತ್ತದೆ. ಆದ್ದರಿಂದ ಕುತೂಹಲ ಬೆಸ ಪುಟದ ಕೊನೆಯ ಪ್ಯಾನೆಲ್ಲಿನಲ್ಲಿ ನಿಲ್ಲಲಿ, ಬಯಲಾಗುವುದು ಪುಟ ತಿರುಗಿಸಿದ ಮೇಲೆ ಸಮ ಪುಟದ ಮೊದಲಲ್ಲಿ.

ಉಳಿದ ತಪ್ಪುಗಳು ಎಲ್ಲರಲ್ಲೂ ಒಂದೇ. ಕೇಡಿಗನಾದ ಒಬ್ಬ ಅಧಿಕಾರಿಯನ್ನು ತರುತ್ತಾರೆ. ಅವನು ಸತ್ತರೆ ಎಲ್ಲ ಸರಿಯಾದಂತೆ ಕಾಣುತ್ತದೆ, ಹಾಗಾಗಿ ವ್ಯವಸ್ಥೆಯ ಪ್ರಶ್ನೆಯೇ ಮಾಯ. ಅವನ ಬದಲು ನಯವಾಗಿ ಮಾತಾಡುವ, ಕೆಲಸ ಮುಗಿಸಿ ಮನೆಗೆ ಹೋಗಬೇಕೆನ್ನುವ ಗುಮಾಸ್ತೆ ಇರಲಿ. ಕೊನೆಯ ಪುಟದಲ್ಲಿ ನಾಯಕಿ ಜನರನ್ನು ಉದ್ದೇಶಿಸಿ ಮಾತಾಡುತ್ತಾಳೆ. ಆ ಮಾತಿನ ಬಲೂನ್‌ಗಳನ್ನೆಲ್ಲ ಅಳಿಸಿ ಓದಿ, ಚಿತ್ರ ನಿಂತರೆ ಹಾಗೆಯೇ ಬಿಡಿ. ಎಲ್ಲ ಹೆಂಗಸರಿಗೂ ಒಂದೇ ಮುಖ, ಕೂದಲು ಮಾತ್ರ ಬೇರೆ. ಬೆರಳಿನಿಂದ ಕೂದಲು ಮುಚ್ಚಿ ಗುರುತು ಹತ್ತುತ್ತದೆಯೇ ನೋಡಿ, ಇಲ್ಲವಾದರೆ ವಯಸ್ಸು, ಮೈಕಟ್ಟು, ನಿಲುವು ಬದಲಿಸಿ. ನಗುವನ್ನು ಮರೆಯುತ್ತಾರೆ. ಸೆರೆಯಲ್ಲೂ ಇಬ್ಬರು ಹೆಂಗಸರು ನಗುವ ಒಂದು ಪ್ಯಾನೆಲ್ ಬೇಕು, ಇಲ್ಲದಿದ್ದರೆ ಕಳೆದುಕೊಳ್ಳಲು ಅವರಿಗೆ ಏನೂ ಉಳಿದಿರುವುದಿಲ್ಲ.

ಪ್ರಶ್ನೆ: ಕನ್ನಡದಲ್ಲೇ ಬರೆಯಬೇಕು. ಭಾಷೆ ಮತ್ತು ಅಕ್ಷರ ಕೂರಿಸುವುದರ ಬಗ್ಗೆ ತಿಳಿಸಿ.

ಭಾಷೆಯಿಂದ ಶುರು ಮಾಡೋಣ, ಏಕೆಂದರೆ ಇಲ್ಲಿ ಕನ್ನಡಕ್ಕೆ ಇಂಗ್ಲಿಷಿಗೆ ಇಲ್ಲದ ಆಯುಧವಿದೆ. ನಮ್ಮ ಕ್ರಿಯಾಪದವೇ ಲಿಂಗ ಹೇಳುತ್ತದೆ: ಬಂದನು, ಬಂದಳು, ಬಂದಿತು. ನಿಮ್ಮ ಕಥೆಯ ಆಡಳಿತ ಹೆಂಗಸರನ್ನು ನಪುಂಸಕ ಲಿಂಗದಲ್ಲೇ ಕರೆಯಲಿ. ‘ಸಂಖ್ಯೆ 118 ಬಂದಿದೆಯೇ? ಗಂಟೆ ಮುಗಿಸಿದೆಯೇ? ಮಲಗಿತೇ?’ ಕಾವಲುಗಾರನಿಗೆ ‘ಅವರು’, ಅವಳಿಗೆ ‘ಅದು’. ಯಾರೂ ಇದನ್ನು ವಿವರಿಸದಿರಲಿ. ಹೆಂಗಸರು ತಮ್ಮೊಳಗೆ ಮಾತಾಡುವಾಗ ಮಾತ್ರ ‘ಅವಳು ಬಂದಳು’ ಎನ್ನಲಿ, ಗುಟ್ಟಾಗಿ, ಸಣ್ಣ ಅಕ್ಷರದಲ್ಲಿ. ಒಂದು ‘ಳು’ ಬಂಡಾಯವಾಗುತ್ತದೆ. ಇನ್ನೊಂದು ಕಚೇರಿಯ ಕರ್ಮಣಿ: ‘ಆದೇಶಿಸಲಾಗಿದೆ’, ‘ಕಡಿತಗೊಳಿಸಲಾಗಿದೆ’. ಮಾಡಿದವನೇ ಇಲ್ಲದ ವಾಕ್ಯ. ಗೋಡೆಯ ಮೇಲಿನ ಸೂಚನೆಗಳೆಲ್ಲ ಹೀಗಿರಲಿ. ಕೊನೆಗೆ ಯಾರಾದರೂ ಒಬ್ಬಳು ‘ಕಡಿತ ಮಾಡಿದವರು ಯಾರು?’ ಎಂದು ಕೇಳಿದರೆ ಅಷ್ಟೇ ಸಾಕು.

ಅಕ್ಷರದ ವಿಷಯ. ನಮ್ಮ ಪದಗಳಿಗೆ ಪ್ರತ್ಯಯ ಸೇರಿ ಉದ್ದವಾಗುತ್ತವೆ, ಆದ್ದರಿಂದ ಒಂದು ಬಲೂನ್‌ಗೆ 12-15 ಪದ ಮಿತಿ. ‘ಹೋಗಬೇಕಾಗಿರುತ್ತದೆ’ ಬೇಡ, ‘ಹೋಗಬೇಕು’ ಸಾಕು. ಕಿರಿದಾದ ಬಲೂನ್‌ನಲ್ಲಿ ಪದ ಒಡೆಯಬೇಡಿ, ಒಡೆಯಲೇಬೇಕಾದರೆ ಒತ್ತಕ್ಷರದ ನಡುವೆ ಎಂದೂ ಬೇಡ. ಒತ್ತಕ್ಷರ ಕೆಳಗಿನ ಸಾಲಿನ ಗುಡಿಸು, ತಲೆಕಟ್ಟುಗಳಿಗೆ ತಗುಲುವುದು ಕನ್ನಡ ಲೆಟರಿಂಗ್‌ನಲ್ಲಿ ಅತಿ ಹೆಚ್ಚು ಕಾಣುವ ದೋಷ. ಸಾಲಿನ ಅಂತರ ಅಕ್ಷರದ ಅಳತೆಯ 140ರಿಂದ 150 ಶೇಕಡ ಇಡಿ. ಕೂಗಿಗೆ ಇಂಗ್ಲಿಷಿನ ಕ್ಯಾಪಿಟಲ್ ಅಕ್ಷರದಂಥ ಸೌಲಭ್ಯ ನಮಗಿಲ್ಲ, ದಪ್ಪ ಅಕ್ಷರ ಮತ್ತು ಮುಳ್ಳಂಚಿನ ಬಲೂನ್ ಬಳಸಿ.

ಯುನಿಕೋಡ್ ಫಾಂಟನ್ನೇ ಆರಿಸಿ. ಫೋಟೋಶಾಪ್‌ನ ಹಳೆಯ ಆವೃತ್ತಿಗಳಲ್ಲಿ ಒತ್ತಕ್ಷರ ಬಿಡಿಬಿಡಿಯಾಗಿ ಬಂದರೆ ಟೈಪ್ ಸೆಟ್ಟಿಂಗ್‌ನಲ್ಲಿ ವರ್ಲ್ಡ್-ರೆಡಿ ಲೇಔಟ್ ಆರಿಸಬೇಕು. ಇಂಕ್‌ಸ್ಕೇಪ್‌ನಲ್ಲಿ ಆ ತೊಂದರೆ ಇಲ್ಲ. ಮುದ್ರಣಕ್ಕೆ ಕಳಿಸುವ ಮೊದಲು ಅಕ್ಷರವನ್ನು ಔಟ್‌ಲೈನ್ (ಫಾಂಟ್ ಬೇಡದ ಬರೀ ಆಕಾರ) ಮಾಡಿ, ತಿದ್ದಲು ಬರುವ ಪ್ರತಿಯೊಂದನ್ನು ಬೇರೆ ಇಟ್ಟುಕೊಳ್ಳಿ. ಬಣ್ಣದ ಪುಟ 300 ಡಿಪಿಐ (ಇಂಚಿಗೆ ಚುಕ್ಕೆಗಳು), ಬರೀ ಕಪ್ಪು ಗೆರೆಯಾದರೆ 600, ಸುತ್ತಲೂ 3 ಮಿ.ಮೀ. ಬ್ಲೀಡ್, ಅಂದರೆ ಕತ್ತರಿಸಿ ಹೋಗುವ ಹೆಚ್ಚುವರಿ ಅಂಚು. ಒಂದು ಪುಟವನ್ನು ನಿಜವಾದ ಅಳತೆಯಲ್ಲಿ ಮುದ್ರಿಸಿ ಒಂದು ಅಡಿ ದೂರದಿಂದ ಓದಿ. ಗುಟ್ಟಿನ ಸಣ್ಣ ‘ಳು’ ಕಾಣದಿದ್ದರೆ ಅಳತೆ ಅರ್ಧ ಪಾಯಿಂಟ್ ಏರಿಸಿ, ಇನ್ನೊಮ್ಮೆ ಮುದ್ರಿಸಿ ನೋಡಿ.